ಕಾರ್ ಆಂಪ್ (ಸ್ಪೀಕರ್ ಆಂಪ್ಲಿಫೈಯರ್) ಟ್ರಾನ್ಸ್‌ಫಾರ್ಮರ್ ಹೋಗಿದೆ ಅಂತಿದ್ದಾರೆ, ನಿಜಾನಾ? ರಿವೈಂಡ್ (ತಂತಿ ಮತ್ತೆ ಸುತ್ತೋದು) ಮಾಡ್ಬಹುದಾ?

ಬಸವನಗುಡಿ_ಬೇಸ್:
ಎಲ್ರಿಗೂ ನಮಸ್ಕಾರ. ನಮ್ಮಣ್ಣ ಅವನ ಹಳೇ ಝೆನ್ ಕಾರಿಗೆ ಹಾಕಿಸಿದ್ದ 4 ಚಾನೆಲ್ ಆಂಪ್ ನನ್ನ ಹತ್ರ ಇದೆ, ಒಳ್ಳೆ ತೂಕದ್ದು, ಸೌಂಡ್ ಅಂತೂ ಸೂಪರ್, ಬಿಸಾಕೋಕೆ ಮನಸ್ಸಿಲ್ಲ. ಮೊನ್ನೆ ಆನ್ ಮಾಡಿದ ತಕ್ಷಣ ಫ್ಯೂಸ್ ಹೋಯ್ತು. ರಿಪೇರಿಯವ್ರು ಪವರ್ ಸಪ್ಲೈ ಮಾಸ್‌ಫೆಟ್ (ಕರೆಂಟ್ ಆನ್ ಆಫ್ ಮಾಡೋ ಟ್ರಾನ್ಸಿಸ್ಟರ್) ಎಲ್ಲಾ ಚೇಂಜ್ ಮಾಡಿದ್ರು, ಸ್ವಲ್ಪ ಹೊತ್ತು ಹಾಡ್ತು, ಆಮೇಲೆ ವಾರ್ನಿಷ್ ಸುಟ್ಟ ವಾಸನೆ ಬಂದು ಮತ್ತೆ ಶಾರ್ಟ್. ಈಗ ಟ್ರಾನ್ಸ್‌ಫಾರ್ಮರೇ ಹೋಗಿದೆ, ಇದು ಸಿಗಲ್ಲ, ಹೊಸ ಆಂಪ್ ತಗೊಳ್ಳಿ ಅಂತಿದ್ದಾರೆ. ಮೀಟರಲ್ಲಿ ಪ್ರೈಮರಿ (ಬ್ಯಾಟರಿ ಕಡೆ ಸುತ್ತು) ನೋಡಿದ್ರೆ 0 ಓಮ್, ಬೀಪ್ ಬೇರೆ ಬರತ್ತೆ. ಶಾರ್ಟ್ ಅಂತಾನಾ? ಎಸ್‌ಪಿ ರೋಡಲ್ಲಿ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್) ಹುಡುಕಿದ್ರೆ ಸಿಗಬಹುದಾ?

ಟಾಂಕಾ_ವಿಜಯನಗರ:
0 ಓಮ್ ನೋಡಿ ಹೆದರಬೇಡಿ ಗುರು. ಪ್ರೈಮರಿ ಅಂದ್ರೆ ದಪ್ಪಗೆ ನಾಲ್ಕೈದು ಸುತ್ತು ಅಷ್ಟೇ, ಚೆನ್ನಾಗಿರೋದೂ ಬೀಪ್ ಅನ್ನತ್ತೆ. ಪ್ರೈಮರಿ ಶಾರ್ಟೋ ಅಲ್ವೋ ಅಂತ ಮೀಟರಿಂದ ಗೊತ್ತಾಗಲ್ಲ.

ಹಳೇ_ಮೆಕ್ಯಾನಿಕ್:
ಮೇಲಿನವ್ರು ಹೇಳಿದ್ದು ಸರಿ. ನನ್ನ ಅನುಭವದಲ್ಲಿ ಟ್ರಾನ್ಸ್‌ಫಾರ್ಮರ್ ಹೋಗೋದು ತುಂಬಾ ಅಪರೂಪ, ಆದ್ರೆ ಎಲ್ರೂ ಮೊದ್ಲು ಅದರ ಮೇಲೇ ತಪ್ಪು ಹಾಕ್ತಾರೆ. ಫಸ್ಟು ಬ್ಯಾಟರಿ ಪ್ಲಸ್ಸಿಗೂ ಆಂಪ್‌ಗೂ ಮಧ್ಯೆ ಒಂದು 55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಸೀರೀಸಲ್ಲಿ ಹಾಕಿ (ಶಾರ್ಟ್ ಇದ್ರೆ ಅದು ಉರಿದು ಕರೆಂಟ್ ತಡೆಯತ್ತೆ), ಇದಿಲ್ದೆ ಇನ್ಮೇಲೆ ಆನ್ ಮಾಡ್ಲೇಬೇಡಿ. ಮಾಸ್‌ಫೆಟ್ ಎಲ್ಲಾ ತೆಗೆದು ಬರೀ ಡ್ರೈವ್ (ಮಾಸ್‌ಫೆಟ್ ಗೇಟಿಗೆ, ಅಂದ್ರೆ ಆನ್ ಆಫ್ ಮಾಡಿಸೋ ಕಾಲಿಗೆ, ಬರೋ ಸಿಗ್ನಲ್) ನೋಡಿ. ಆ ಸಿಗ್ನಲ್ ಕೊಡೋ ಐಸಿ ಟಿಎಲ್494 ಇರತ್ತೆ ಅನ್ಕೋತೀನಿ, ಪಿನ್ 12ಕ್ಕೆ ಸಪ್ಲೈ, ಪಿನ್ 14ರಲ್ಲಿ 5 ವೋಲ್ಟ್ ಇರ್ಬೇಕು, ಆಮೇಲೆ ಎರಡೂ ಕಡೆ ಗೇಟ್ ಪ್ಯಾಡಲ್ಲಿ ಡಿಸಿ ಅಳೆದ್ರೆ ಹೆಚ್ಚುಕಡಿಮೆ ಒಂದೇ ಬರ್ಬೇಕು. ಒಂದು ಕಡೆ ಡ್ರೈವ್ ಇಲ್ಲಾಂದ್ರೆ ಕೋರ್ (ತಂತಿ ಸುತ್ತಿರೋ ರಿಂಗ್) ಸ್ಯಾಚುರೇಟ್ ಆಗಿ (ಇನ್ನು ಮ್ಯಾಗ್ನೆಟಿಸಂ ಹಿಡಿಯದೆ ಕರೆಂಟ್ ಏರಿ) ಹೊಸ ಮಾಸ್‌ಫೆಟ್ಟೂ ಸುಟ್ಟೋಗತ್ತೆ, ಎಷ್ಟೋ ಸಲ ಗೇಟ್ ರೆಸಿಸ್ಟರ್ ಓಪನ್ ಆಗಿರೋದೇ ಕಾರಣ, ಪಾಪ ಟ್ರಾನ್ಸ್‌ಫಾರ್ಮರ್ ಮೇಲೆ ಅಪವಾದ.

ಡ್ರೈವ್ ಸರಿ ಇದ್ರೆ ಮಾಸ್‌ಫೆಟ್ ಹಾಕಿ, ಸೆಕೆಂಡರಿ (ಔಟ್‌ಪುಟ್ ಸುತ್ತು) ಕಡೆ ರೆಕ್ಟಿಫೈಯರ್ ಡಯೋಡ್ (ಎಸಿನ ಡಿಸಿ ಮಾಡೋದು) ಕಿತ್ತು, ಬಲ್ಬ್ ಜೊತೆ ಆನ್ ಮಾಡಿ. ಬಲ್ಬ್ ಆರಿಹೋದ್ರೆ ಟ್ರಾನ್ಸ್‌ಫಾರ್ಮರ್ ಚೆನ್ನಾಗಿದೆ, ಡಯೋಡೋ ಔಟ್‌ಪುಟ್ ಟ್ರಾನ್ಸಿಸ್ಟರೋ ಶಾರ್ಟ್ ಅಂತ. ಡಯೋಡ್ ಇಲ್ದೇನೂ ಉರಿತಾ ಇದ್ರೆ, ಇಲ್ಲಾ ಮಿಣುಕ್ ಮಿಣುಕ್ ಅಂತಿದ್ರೆ (ವೋಲ್ಟೇಜ್ ಬಿದ್ದು ಐಸಿ ನಿಂತು ಮತ್ತೆ ಶುರು ಆಗ್ತಿರತ್ತೆ) ಆಗ ಅನುಮಾನ ಪಡಿ. ಟ್ರಾನ್ಸ್‌ಫಾರ್ಮರ್ ಬೋರ್ಡಿಂದ ಬಿಚ್ಚಿ ಪ್ರೈಮರಿ ಸೆಕೆಂಡರಿ ಮಧ್ಯೆ ಅಳೆಯಿರಿ, ಕನೆಕ್ಷನ್ನೇ ಇರಬಾರದು. ಬೋರ್ಡ್ ಮೇಲೇ ಅಳೆದ್ರೆ ಎರಡು ಗ್ರೌಂಡ್ ಮಧ್ಯೆ ಇರೋ ರೆಸಿಸ್ಟರ್ ದಾರಿ ತಪ್ಪಿಸತ್ತೆ.

ಬಸವನಗುಡಿ_ಬೇಸ್:
ಸರ್ ತುಂಬಾ ಥ್ಯಾಂಕ್ಸ್. ಎಲ್ಲಾ ಮಾಡ್ದೆ. ಡ್ರೈವ್ ಎರಡೂ ಕಡೆ ಸಮ ಇದೆ, ಆದ್ರೆ ಡಯೋಡ್ ಕಿತ್ತ ಮೇಲೂ ಬಲ್ಬ್ ಮಿಣುಕ್ತಾ ಇದೆ. ಬಿಚ್ಚಿ ಅಳೆದ್ರೆ ಪ್ರೈಮರಿ ಸೆಕೆಂಡರಿ ಮಧ್ಯೆ 2 ಓಮ್ ತೋರಿಸ್ತಿದೆ, ತಿರುಗಿಸಿ ನೋಡಿದ್ರೆ ಕೋರಿನ ಒಳಅಂಚಲ್ಲಿ ಒಂದು ಜಾಗ ಕಪ್ಪಗಾಗಿ ಎನಾಮಲ್ (ತಂತಿ ಮೇಲಿನ ಇನ್ಸುಲೇಶನ್) ಎದ್ದಿದೆ.

ಹಳೇ_ಮೆಕ್ಯಾನಿಕ್:
ಹಂಗಿದ್ರೆ ಈ ಸಲ ನಿಜವಾಗ್ಲೂ ಅದೇ. ಕಾರಿನ ವೈಬ್ರೇಶನ್‌ಗೆ ತಂತಿ ತಂತಿಗೆ ಉಜ್ಜಿ ಎನಾಮಲ್ ಸವೆಯತ್ತೆ. ಬೇಜಾರಾಗ್ಬೇಡಿ, ಕೋರ್ ಒಡೆದಿಲ್ಲಾಂದ್ರೆ ಆರಾಮಾಗಿ ರಿವೈಂಡ್ ಆಗತ್ತೆ.

ಕಾಯಿಲ್_ಮಲ್ಲೇಶ್ವರಂ:
ರಿವೈಂಡಿಂಗ್ ನಾನು ಹೇಳ್ತೀನಿ. ಬಿಚ್ಚೋಕೆ ಮುಂಚೆ ಫೋಟೋ ತೆಗೀರಿ, ಬಿಚ್ಚೋವಾಗ ಸುತ್ತು ಎಷ್ಟು, ಎಳೆ ಎಷ್ಟು, ಯಾವ ಕಡೆಗೆ ಸುತ್ತಿದೆ ಎಲ್ಲಾ ಬರ್ಕೊಳ್ಳಿ. ಉದಾಹರಣೆಗೆ ಪ್ರೈಮರಿ 4+4 ಸುತ್ತು (ಎರಡು ಅರ್ಧ) ಇದ್ರೆ 12 ವೋಲ್ಟಿಗೆ ಸುತ್ತಿಗೆ 3 ವೋಲ್ಟ್ ಆಯ್ತು, ಸೆಕೆಂಡರಿ 10+10 ಅಂದ್ರೆ ಪ್ಲಸ್ 30 ಮೈನಸ್ 30 ಹತ್ತಿರ. ನಿಮ್ದು ಎಷ್ಟಿದೆಯೋ ಅಷ್ಟೇ ಸುತ್ತಿ, ಜಾಸ್ತಿ ಪವರ್ ಬರ್ಲಿ ಅಂತ ಸೆಕೆಂಡರಿಗೆ ಸುತ್ತು ಸೇರಿಸಿದ್ರೆ ಫಿಲ್ಟರ್ ಕೆಪಾಸಿಟರ್ ತಡ್ಕೊಳ್ಳಲ್ಲ.

ದಪ್ಪ ತಂತಿ ಒಂದೇ ಎಳೆ ಹಾಕ್ಬೇಡಿ. 50 ಕಿಲೋಹರ್ಟ್ಝ್ ಥರದ ಹೈ ಫ್ರೀಕ್ವೆನ್ಸಿಲಿ ಕರೆಂಟು ತಾಮ್ರದ ಮೇಲ್ಮೈಯಿಂದ ಸುಮಾರು 0.3 ಮಿಮೀ ಆಳದಲ್ಲೇ ಹೆಚ್ಚಾಗಿ ಹರಿಯೋದು, ಅದಕ್ಕೇ 24 ಗೇಜ್ ತಂತಿ ಎಷ್ಟು ಎಳೆ ಇತ್ತೋ ಅಷ್ಟು ಜೊತೆ ಮಾಡಿ, ಎರಡೂ ಅರ್ಧ ಪ್ರೈಮರೀನ ಒಟ್ಟಿಗೇ ಸುತ್ತಿ. ಒಂದರ ಶುರುವಾತು ಇನ್ನೊಂದರ ಕೊನೆಗೆ ಸೇರಿದ್ರೇನೇ ಸೆಂಟರ್ ಟ್ಯಾಪ್ (ನಡುವಿನ ಕನೆಕ್ಷನ್), ಉಲ್ಟಾ ಸೇರಿಸಿದ್ರೆ ಡೆಡ್ ಶಾರ್ಟ್ ಥರ ಕರೆಂಟ್ ಎಳೆಯತ್ತೆ. ಪ್ರೈಮರಿ ಸೆಕೆಂಡರಿ ಮಧ್ಯೆ ಹಳದಿ ಪಾಲಿಯೆಸ್ಟರ್ ಟೇಪ್ ಬಿಗಿಯಾಗಿ ಸುತ್ತಿ. ತುದಿಲಿ ಒಂದೊಂದು ಎಳೆನೂ ಬ್ಲೇಡಲ್ಲಿ ಕೆರೆದು, ಬೆಳ್ಳಗೆ ಹೊಳೆಯೋವರೆಗೂ ಸೋಲ್ಡರ್ ಹಿಡಿಸಿ, ಒಂದು ಎಳೆ ಬಿಟ್ಟೋದ್ರೆ ಉಳಿದವು ಬಿಸಿಯಾಗತ್ತೆ.

ಬಸವನಗುಡಿ_ಬೇಸ್:
ತಂತಿ ಎಸ್‌ಪಿ ರೋಡಲ್ಲೇ ತರ್ತೀನಿ. ಬಿಚ್ಚೋವಾಗ ಕೋರ್ ಒಡೆದ್ರೆ ಅಲ್ಲೇ ಹಳದಿ-ಬಿಳಿ ರಿಂಗ್ ತಗೊಂಡ್ರೆ ನಡಿಯತ್ತಾ?

ಕಾಯಿಲ್_ಮಲ್ಲೇಶ್ವರಂ:
ಬೇಡ! ಅದು ಐರನ್ ಪೌಡರ್, ಚೋಕ್‌ಗೆ (ಕರೆಂಟ್ ಏರಿಳಿತ ತಡೆಯೋ ಕಾಯಿಲ್) ಮಾತ್ರ. ಟ್ರಾನ್ಸ್‌ಫಾರ್ಮರ್‌ಗೆ ಫೆರೈಟೇ ಬೇಕು. ಕೋರ್ ಮೇಲೆ ಎಲ್ಲೂ ತಟ್ಟಬೇಡಿ, ಗಾಜಿನ ಥರ ಚೂರಾಗತ್ತೆ, ತಂತಿ ಬರ್ಲಿಲ್ಲಾಂದ್ರೆ ಕಟ್ ಮಾಡಿ ತೆಗೀರಿ.

ಹಳೇ_ಮೆಕ್ಯಾನಿಕ್:
ಇನ್ನೊಂದು, ಮಾಸ್‌ಫೆಟ್ ಐಆರ್‌ಎಫ್‌ಝಡ್44ಎನ್ ಇದ್ರೆ ಅದನ್ನೇ ಹಾಕಿ. ಅಂಗಡಿಯಲ್ಲಿ ಐಆರ್‌ಎಫ್3205 ಪವರ್ ಜಾಸ್ತಿ ಅಂತ ಕೊಡ್ತಾರೆ, ಅದರ ಗೇಟ್ ಚಾರ್ಜ್ (ಆನ್ ಮಾಡೋಕೆ ಬೇಕಾದ ಚಾರ್ಜ್) ಎರಡರಷ್ಟು, ಹಳೇ ಡ್ರೈವರ್ ಎಳೆಯಲ್ಲ, ಬಿಸಿ ಆಗತ್ತೆ. ಎಲ್ಲಾ ಒಂದೇ ಬ್ಯಾಚಿಂದು ತಗೊಳ್ಳಿ, ಗೇಟ್ ರೆಸಿಸ್ಟರೂ ಹೊಸದು ಹಾಕಿ. ಡಯೋಡ್ ವಾಪಸ್ ಹಾಕಿ, ಬಲ್ಬ್ ಆರಿದ ಮೇಲೆ ಅದನ್ನ ತೆಗೆದು 5 ಆಂಪಿಯರ್ ಫ್ಯೂಸಲ್ಲಿ ಸ್ಪೀಕರ್ ಇಲ್ದೆ ಅರ್ಧ ಗಂಟೆ ಬಿಟ್ಟು, ಪ್ಲಸ್ ಮೈನಸ್ ರೈಲ್ (ಡಯೋಡ್ ನಂತರದ ಸಪ್ಲೈ) ವೋಲ್ಟೇಜ್ ಅಳೆದು ಇಲ್ಲಿ ಹಾಕಿ, ನೋಡೋಣ.