ನೆಲದ ತಗಡಿನ ಪ್ರೈಮರ್ ಮೂರನೇ ಬಾರಿಯೂ ಎದ್ದು ಬಂತು, ದಾರಿ ತೋರಿಸಿ

ಹಳೆಗಾಲಿ · ಭಾನುವಾರ, ರಾತ್ರಿ 10:40

ಮಿತ್ರರೇ, ತಾಳ್ಮೆ ತಳ ಮುಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ. ಎಂಟು ತಿಂಗಳಿಂದ ನನ್ನ ಶನಿವಾರ, ಭಾನುವಾರಗಳೆಲ್ಲ ಈ ಕಾರಿನ ಅಡಿಯಲ್ಲೇ ಕಳೆದಿವೆ. ನೆಲದ ತಗಡನ್ನು ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ತೆಗೆಯುವ ದ್ರಾವಣ ಹಾಕಿ, ಎಪಾಕ್ಸಿ ಪ್ರೈಮರ್ (ಬಣ್ಣಕ್ಕೂ ಮೊದಲು ಹಾಕುವ ತಳಪದರ) ಹೊಡೆದೆ. ಎರಡು ವಾರ ಚೆನ್ನಾಗಿಯೇ ಇತ್ತು. ಆಮೇಲೆ ಅಲ್ಲಲ್ಲಿ ಗುಳ್ಳೆ. ಉಗುರು ಕೊಟ್ಟು ಎಳೆದರೆ ಈರುಳ್ಳಿ ಸಿಪ್ಪೆಯ ಹಾಗೆ ಅಂಗೈ ಅಗಲದ ಪದರವೇ ಬಿಟ್ಟುಕೊಂಡು ಬರುತ್ತದೆ. ಎಲ್ಲವನ್ನೂ ಕಿತ್ತು ಮತ್ತೆ ಮಾಡಿದೆ. ಅದೇ ಕಥೆ. ಬೇರೆ ತಯಾರಕರ ಪ್ರೈಮರ್ ತಂದು ಮೂರನೇ ಬಾರಿ ಮಾಡಿದೆ. ಇವತ್ತು ನೋಡಿದರೆ ಹಿಂಭಾಗದಲ್ಲಿ ಮತ್ತೆ ಗುಳ್ಳೆ.

ತಪ್ಪು ಎಲ್ಲಿದೆ? "ಗ್ಯಾರೇಜಿಗೆ ಕೊಟ್ಟುಬಿಡಿ" ಎಂದು ಮಾತ್ರ ಯಾರೂ ಹೇಳಬೇಡಿ. ಈ ಕಾರನ್ನು ನನ್ನ ಕೈಯಿಂದಲೇ ಎಬ್ಬಿಸಬೇಕು.

ಗಾಳಿಯಂತ್ರ · ಭಾನುವಾರ, ರಾತ್ರಿ 11:05

ಇದರಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ. ಗಾಳಿಯಲ್ಲಿ ನೀರಿದೆ. ಕಂಪ್ರೆಸರ್ ಗಾಳಿಯನ್ನು ಒತ್ತಿದಾಗ ಅದು ಕಾಯುತ್ತದೆ, ಮುಂದೆ ಕೊಳವೆಯಲ್ಲಿ ತಣಿಯುವಾಗ ತೇವ ಹನಿಗಟ್ಟುತ್ತದೆ, ಆ ಹನಿ ನೇರವಾಗಿ ಬಣ್ಣ ಸಿಂಪಡಿಸುವ ಗನ್‌ನಿಂದ ತಗಡಿನ ಮೇಲೆ ಬೀಳುತ್ತದೆ. ಪ್ರೈಮರ್ ಅಡಿಯಲ್ಲಿ ನೀರು ಕೂತರೆ ಗುಳ್ಳೆ ಬಾರದೆ ಇನ್ನೇನು? ಟ್ಯಾಂಕಿನ ತಳದ ತಿರುಪು ಬಿಚ್ಚಿ ನೋಡಿ, ಲೋಟದಷ್ಟು ನೀರು ಬರುತ್ತದೆ. ನೀರು ಬೇರ್ಪಡಿಸುವ ಫಿಲ್ಟರನ್ನು ಕಂಪ್ರೆಸರ್‌ಗೆ ಅಂಟಿಸಿದಂತೆ ಹಾಕಬೇಡಿ, ಅಲ್ಲಿ ಗಾಳಿ ಇನ್ನೂ ಬಿಸಿಯಾಗಿರುತ್ತದೆ, ನೀರು ಆವಿಯಾಗಿಯೇ ದಾಟಿಹೋಗುತ್ತದೆ. ಸಾಕಷ್ಟು ಉದ್ದದ ಕೊಳವೆ ಕೊಟ್ಟು, ಗನ್‌ನ ಸಮೀಪ ಹಾಕಿ.

ಮಿಗ್‌ಕಿಡಿ · ಸೋಮವಾರ, ಬೆಳಿಗ್ಗೆ 7:20

ಯಾವ ಕಾರು, ಯಾವ ವರ್ಷದ್ದು, ನೆಲದ ಯಾವ ಭಾಗ ಎಂದು ಒಂದು ಸಾಲು ಬರೆಯಬಾರದೇ? ತಗಡೇ ತಿಂದುಹೋಗಿದ್ದರೆ ಯಾವ ಬಣ್ಣ ಹಚ್ಚಿಯೂ ಉಪಯೋಗವಿಲ್ಲ. ಕತ್ತರಿಸಿ ಹೊಸ ತಗಡು ಬೆಸೆಯುವುದೇ ದಾರಿ. ದ್ರಾವಣಗಳ ಮೇಲೆ ನನಗೆ ನಂಬಿಕೆಯೇ ಇಲ್ಲ.

ಹಳೆಗಾಲಿ · ಸೋಮವಾರ, ಬೆಳಿಗ್ಗೆ 8:02

ಕ್ಷಮಿಸಿ, ಚಿತ್ರ ಹಾಕಿದ್ದೇನೆ ಎಂದುಕೊಂಡಿದ್ದೆ, ಅದು ಸೇರಿರಲಿಲ್ಲ. 1966ರ ಫೋಕ್ಸ್‌ವ್ಯಾಗನ್ ಬೀಟಲ್. ಎಂಜಿನ್ ಇಳಿಸಿದ್ದೇನೆ, ಬಾಡಿ ಇನ್ನೂ ಪ್ಯಾನ್ ಮೇಲೆಯೇ, ಅಂದರೆ ನೆಲದ ಚೌಕಟ್ಟಿನ ಮೇಲೆಯೇ ಇದೆ. ಗುಳ್ಳೆ ಎದ್ದಿರುವುದು ನಾಲ್ಕೂ ಕಡೆ, ಹಿಂದಿನ ಸೀಟಿನ ಅಡಿಯಲ್ಲಿ ಹೆಚ್ಚು.

ಗಾಳಿಯಂತ್ರ · ಸೋಮವಾರ, ಬೆಳಿಗ್ಗೆ 8:15

ನಾಲ್ಕೂ ಕಡೆ ಎಂದಿರಲ್ಲ, ನನ್ನ ಮಾತು ಅಲ್ಲಿಗೇ ಸಾಬೀತಾಯಿತು. ತಗಡಿನ ದೋಷವಾಗಿದ್ದರೆ ಒಂದೇ ಕಡೆ ಬರುತ್ತಿತ್ತು. ಕಂಪ್ರೆಸರ್ ಟ್ಯಾಂಕ್ ಎಷ್ಟು ಲೀಟರಿನದು? ಕೊಳವೆ ಎಷ್ಟು ಮೀಟರ್? ನಾನು ಗೋಡೆಯುದ್ದಕ್ಕೂ ತಾಮ್ರದ ಕೊಳವೆಯನ್ನು ಹಾವಿನಂತೆ ಸುತ್ತಿಸಿ, ಪ್ರತಿ ತಿರುವಿನ ತಳದಲ್ಲೂ ನೀರಿಳಿಯಲು ನಲ್ಲಿ ಇಟ್ಟಿದ್ದೇನೆ. ಕೊನೆಯಲ್ಲಿ ಸಿಲಿಕಾ ಹರಳಿನ ಡಬ್ಬಿ. ಅದಾದ ಮೇಲೆ ಒಂದು ಗುಳ್ಳೆ ಕಂಡಿದ್ದರೆ ಕೇಳಿ. ಸಂಜೆ ಚಿತ್ರ ಹಾಕುತ್ತೇನೆ.

ಕಾಕಂಬಿ · ಸೋಮವಾರ, ಮಧ್ಯಾಹ್ನ 1:30

ವೈರ್ ಬ್ರಷ್ ತುಕ್ಕನ್ನು ತೆಗೆಯುವುದಿಲ್ಲ, ಉಜ್ಜಿ ಉಜ್ಜಿ ಹೊಳಪು ಕೊಡುತ್ತದೆ, ಅಷ್ಟೆ. ಗುಳಿಗಳ ಒಳಗೆ ಕಪ್ಪು ಚುಕ್ಕೆಗಳಾಗಿ ಅದು ಉಳಿದೇ ಇರುತ್ತದೆ. ಬಿಚ್ಚಲು ಬರುವ ಭಾಗಗಳನ್ನೆಲ್ಲ ನಾನು ಕಾಕಂಬಿಯಲ್ಲಿ ಅದ್ದುತ್ತೇನೆ. ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು, ಎರಡು ಮೂರು ವಾರ. ವಾಸನೆಗೆ ಮನೆಯವರು ಬೇಸರಪಡುತ್ತಾರೆ, ನಿಜ, ಆದರೆ ತುಕ್ಕು ಮಾತ್ರ ಹೋಗಿ, ಒಳ್ಳೆಯ ಕಬ್ಬಿಣಕ್ಕೆ ಧಕ್ಕೆಯಾಗುವುದಿಲ್ಲ. ಅವಸರವಿದ್ದರೆ ವಿದ್ಯುತ್ತಿನಿಂದ ಮಾಡಿ. ವಾಷಿಂಗ್ ಸೋಡಾ ಕರಗಿಸಿದ ನೀರು, 12 ವೋಲ್ಟ್ ಚಾರ್ಜರ್, ಋಣ ತುದಿ ನಿಮ್ಮ ಭಾಗಕ್ಕೆ, ಧನ ತುದಿ ಯಾವುದಾದರೂ ಲೋಹದ ತುಂಡಿಗೆ. ನಾನು ಹಳೆಯ ಸ್ಟೇನ್‌ಲೆಸ್ ಸ್ಟೀಲ್ ತಟ್ಟೆ ಬಳಸುತ್ತೇನೆ, ಸವೆಯುವುದೇ ಇಲ್ಲ.

ಬಣ್ಣದಡಿ · ಸೋಮವಾರ, ಮಧ್ಯಾಹ್ನ 2:10

ಕಾಕಂಬಿ ಅವರೇ, ಆ ತಟ್ಟೆಯನ್ನು ಇವತ್ತೇ ಹೊರಗೆ ತೆಗೆಯಿರಿ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಇದೆ. ಧನ ತುದಿಯಲ್ಲಿ ಅದು ಹೆಕ್ಸಾವೇಲೆಂಟ್ ಕ್ರೋಮಿಯಂ ಆಗಿ ನೀರಿಗೆ ಇಳಿಯುತ್ತದೆ. ಅದು ಕ್ಯಾನ್ಸರ್ ತರುವ ವಸ್ತು. ನೀರು ಹಳದಿಗೆ ತಿರುಗಿದ್ದರೆ ಚರಂಡಿಗೆ ಸುರಿಯಬೇಡಿ, ಅಪಾಯಕರ ತ್ಯಾಜ್ಯವನ್ನು ಪಡೆಯುವವರಿಗೇ ಒಪ್ಪಿಸಿ. ಸಾದಾ ಕಬ್ಬಿಣದ ಸರಳು ಹಾಕಿ, ಸವೆದರೆ ಸವೆಯಲಿ. ಹೈಡ್ರೋಜನ್ ಹೊರಡುವುದರಿಂದ ಬಯಲಿನಲ್ಲಿ ಮಾಡಿ.

ಕಾಕಂಬಿ · ಸೋಮವಾರ, ಮಧ್ಯಾಹ್ನ 2:48

ನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ, ಏನೂ ಆಗಿಲ್ಲ.

ಬಣ್ಣದಡಿ · ಸೋಮವಾರ, ಮಧ್ಯಾಹ್ನ 3:05

ಆದದ್ದು ಇಷ್ಟು ಬೇಗ ಕಾಣುವ ವಿಷಯವಲ್ಲ ಇದು. ದಯವಿಟ್ಟು ತೆಗೆಯಿರಿ.

ಮಿಗ್‌ಕಿಡಿ · ಸೋಮವಾರ, ಸಂಜೆ 6:30

ಕಾರಿನ ನೆಲವನ್ನು ಕಾಕಂಬಿಯಲ್ಲಿ ಅದ್ದಲು ಕೆರೆಯೇ ಬೇಕಾಗುತ್ತದೆ. ಬಾಡಿಯ ಮೇಲಿರುವ ಕೆಲಸದ ಬಗ್ಗೆ ಕೇಳಿದವರಿಗೆ ತೊಟ್ಟಿಯ ಕೆಲಸ ಹೇಳಿ ಏನು ಪ್ರಯೋಜನ?

ಗಾಳಿಯಂತ್ರ · ಸೋಮವಾರ, ರಾತ್ರಿ 9:12

ಎಲ್ಲರೂ ವಿಷಯ ಬಿಟ್ಟು ಎಲ್ಲೆಲ್ಲೋ ಹೋಗುತ್ತಿದ್ದೀರಿ. ಹಳೆಗಾಲಿ ಅವರೇ, ಟ್ಯಾಂಕಿನ ನೀರು ಇಳಿಸಿದಿರಾ? ಒಂದು ಪರೀಕ್ಷೆ ಹೇಳುತ್ತೇನೆ. ಬಣ್ಣ ಹಾಕದೆ ಗನ್‌ನಿಂದ ಬರೀ ಗಾಳಿಯನ್ನು ಕನ್ನಡಿಯ ಮೇಲೆ ಒಂದು ನಿಮಿಷ ಬಿಡಿ. ಮಂಜು ಹಿಡಿದರೆ ನನ್ನ ಮಾತೇ ನಿಜ.

ಹಳೆಗಾಲಿ · ಮಂಗಳವಾರ, ಬೆಳಿಗ್ಗೆ 6:55

ನನ್ನ ಹತ್ತಿರ ಕಂಪ್ರೆಸರ್ ಇಲ್ಲ. ಪ್ರೈಮರ್ ಹೊಡೆದದ್ದು ಎರಡು ಅಂಗುಲದ ಬ್ರಷ್‌ನಲ್ಲಿ.

ಗಾಳಿಯಂತ್ರ · ಮಂಗಳವಾರ, ಬೆಳಿಗ್ಗೆ 7:10

ಹಾಗಾದರೆ "ಹೊಡೆದೆ" ಎಂದು ಏಕೆ ಬರೆದಿರಿ? ಹೊಡೆಯುವುದು ಗನ್‌ನಲ್ಲಿ, ಬ್ರಷ್‌ನಲ್ಲಿ ಬಳಿಯುವುದು. ಎರಡು ದಿನ ನಾನು ಬರೆದದ್ದೆಲ್ಲ ವ್ಯರ್ಥವಾಯಿತು.

ಮಿಗ್‌ಕಿಡಿ · ಮಂಗಳವಾರ, ಬೆಳಿಗ್ಗೆ 7:31

ಗೋಡೆಗೆ ಸುಣ್ಣ ಹೊಡೆಯುವುದೂ ಬ್ರಷ್‌ನಲ್ಲೇ. ಅವರ ಮಾತಿನಲ್ಲಿ ತಪ್ಪಿಲ್ಲ, ನೀವು ಮೊದಲೇ ಕೇಳಬೇಕಿತ್ತು.

ಗಾಳಿಯಂತ್ರ · ಮಂಗಳವಾರ, ಬೆಳಿಗ್ಗೆ 7:40

ಕೇಳಬೇಕಿತ್ತು, ಒಪ್ಪುತ್ತೇನೆ. ಆದರೂ ತೇವವನ್ನು ಬಿಟ್ಟುಕೊಡುವುದಿಲ್ಲ. ರಾತ್ರಿ ತಣಿದ ತಗಡಿನ ಮೇಲೆ ಬೆಳಗಿನ ಇಬ್ಬನಿ ಕಣ್ಣಿಗೆ ಕಾಣದಂತೆ ಕೂತಿರುತ್ತದೆ. ತಗಡಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಉಷ್ಣತೆಗಿಂತ) 3 ಡಿಗ್ರಿ ಸೆಲ್ಸಿಯಸ್ ಆದರೂ ಮೇಲಿರಬೇಕು. ಎಷ್ಟು ಹೊತ್ತಿಗೆ ಬಳಿದಿರಿ?

ಹಳೆಗಾಲಿ · ಮಂಗಳವಾರ, ಬೆಳಿಗ್ಗೆ 8:00

ಮೂರು ಬಾರಿಯೂ ಮಧ್ಯಾಹ್ನ, ಒಳ್ಳೆಯ ಬಿಸಿಲಿನಲ್ಲಿ. ತಗಡು ಮುಟ್ಟಿದರೆ ಬೆಚ್ಚಗಿತ್ತು.

ಬಣ್ಣದಡಿ · ಮಂಗಳವಾರ, ಬೆಳಿಗ್ಗೆ 9:25

ಹಾಗಿದ್ದರೆ ತೇವದ ಮಾತನ್ನು ಸ್ವಲ್ಪ ಬದಿಗಿಡೋಣ. ನನಗೆ ಬೇಕಾದದ್ದು ಬೇರೆ. ಎದ್ದು ಬಂದ ಪದರವನ್ನು ತಿರುಗಿಸಿ ಹಿಂಬದಿ ನೋಡಿ. ಅಲ್ಲಿ ಕಂದು ಪುಡಿ ಇದೆಯೇ, ಒಣಗಿ ಗಟ್ಟಿಯಾಗಿದೆಯೇ, ಅಂಟಂಟಾಗಿದೆಯೇ? ಕೆಳಗಿನ ತಗಡು ಯಾವ ಬಣ್ಣದಲ್ಲಿದೆ? ಪ್ರೈಮರ್ ಬೆರೆಸಿದ ಲೋಟದಲ್ಲಿ ಮಿಕ್ಕದ್ದು ಗಟ್ಟಿಯಾಯಿತೇ? ತುಕ್ಕಿನ ದ್ರಾವಣದ ಡಬ್ಬಿಯ ಮೇಲೆ ಏನು ಬರೆದಿದೆ, ಅದನ್ನು ಹಾಕಿದ ಮೇಲೆ ಏನು ಮಾಡಿದಿರಿ?

ಹಳೆಗಾಲಿ · ಮಂಗಳವಾರ, ರಾತ್ರಿ 9:50

ಕೈದೀಪ ಹಿಡಿದು ನೋಡಿ ಬಂದೆ. ಪದರದ ಮೇಲ್ಮೈ ಗಟ್ಟಿ, ಹಿಂಬದಿ ಮಾತ್ರ ಬೆರಳಿಗೆ ಹಿಡಿಯುತ್ತದೆ, ಹಲಸಿನ ಮೇಣದ ಹಾಗೆ. ತಗಡು ಕಪ್ಪು ಬೂದು ಬಣ್ಣದಲ್ಲಿದೆ, ಕಂದು ತುಕ್ಕು ಇಲ್ಲವೇ ಇಲ್ಲ. ಸೀಟಿನ ಅಡಿಯ ಒಂದು ಜಾಗ ಮಾತ್ರ ಬೇರೆ. ಅಲ್ಲಿ ಕಂದು ಪುಡಿಯೂ ಸೂಜಿ ಮೊನೆಯಂಥ ತೂತುಗಳೂ ಇವೆ. ಲೋಟದಲ್ಲಿ ಉಳಿದದ್ದು ಕಲ್ಲಾಗಿದೆ, ಸುತ್ತಿಗೆಯಿಂದ ಒಡೆಯಬೇಕಾಯಿತು.

ಡಬ್ಬಿಯ ಮೇಲೆ ಫಾಸ್ಫಾರಿಕ್ ಆಮ್ಲ ಎಂದಿದೆ. ಹಾಕಿ ಒಣಗಲು ಬಿಟ್ಟೆ. ತೊಳೆಯಲಿಲ್ಲ, ನೀರು ಸೋಕಿದರೆ ಮತ್ತೆ ತುಕ್ಕು ಹಿಡಿಯುತ್ತದೆ ಎಂಬ ಭಯ. ಮೊದಲ ಸಲ ಒಂದು ಕೈ ಹಾಕಿದ್ದೆ, ಎರಡನೇ ಸಲ ಎರಡು, ಈ ಸಲ ಮೂರು ಕೈ.

ಬಣ್ಣದಡಿ · ಮಂಗಳವಾರ, ರಾತ್ರಿ 10:20

ಸಿಕ್ಕಿತು. ಲೋಟದಲ್ಲಿ ಕಲ್ಲಾದದ್ದು ತಗಡಿನ ಮೇಲೆ ಮೇಣವಾಗಿ ಉಳಿದಿದೆ ಎಂದರೆ ಪ್ರೈಮರೂ ಸರಿ, ನಿಮ್ಮ ಅಳತೆಯೂ ಸರಿ. ತಗಡಿನ ಮೇಲೆ ಏನೋ ಅದನ್ನು ಗಟ್ಟಿಯಾಗಲು ಬಿಟ್ಟಿಲ್ಲ. ಎಪಾಕ್ಸಿಯ ರಾಳಕ್ಕೆ ಬೆರೆಸಿ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಸಾಮಾನ್ಯವಾಗಿ ಅಮೀನ್ ಜಾತಿಯದು, ಅಂದರೆ ಕ್ಷಾರಗುಣದ್ದು. ತಗಡಿನ ಮೇಲೆ ಆಮ್ಲ ಉಳಿದಿದ್ದರೆ ಅದು ರಾಳವನ್ನು ಸೇರುವ ಮೊದಲೇ ಆಮ್ಲದ ಜೊತೆ ಸೇರಿ ಮುಗಿದುಹೋಗುತ್ತದೆ. ಮೇಲಿನ ಪದರ ಗಟ್ಟಿ, ತಗಡಿಗೆ ತಾಗಿದ ಕೂದಲೆಳೆಯಷ್ಟು ಭಾಗ ಮೆತ್ತಗೆ. ಫಾಸ್ಫಾರಿಕ್ ಆಮ್ಲ ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಮಾಡುತ್ತದೆ, ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿದೆ, ಕಪ್ಪು ಬೂದು ಬಣ್ಣ ಅದರದೇ. ಆದರೆ ತುಕ್ಕಿಗೆ ಬೇಕಾದಷ್ಟಕ್ಕಿಂತ ಹೆಚ್ಚಾದ ಆಮ್ಲ ಅಲ್ಲೇ ಒಣಗಿ ಕೂತಿತು. ನೀವು ಪ್ರತಿ ಸಲವೂ ಅದನ್ನು ಹೆಚ್ಚಿಸುತ್ತಾ ಹೋದಿರಿ.

ಖಚಿತಪಡಿಸಿಕೊಳ್ಳಿ. ಪದರ ಕಿತ್ತ ಜಾಗಕ್ಕೆ ಎರಡು ಹನಿ ಡಿಸ್ಟಿಲ್ಡ್ ನೀರು ಹಾಕಿ, ನಿಮಿಷ ಬಿಟ್ಟು ಪಿಎಚ್ ಕಾಗದ (ಆಮ್ಲ ಎಷ್ಟಿದೆ ಎಂದು ಬಣ್ಣದಿಂದ ತೋರಿಸುವ ಪಟ್ಟಿ) ಒತ್ತಿ.

ಕಾಕಂಬಿ · ಬುಧವಾರ, ಬೆಳಿಗ್ಗೆ 6:40

ಆಮ್ಲವಾದರೆ ಅಡುಗೆ ಸೋಡಾ ನೀರಿನಿಂದ ಒರೆಸಿ, ಮುಗಿಯಿತು. ಅಂದ ಹಾಗೆ, ಸ್ಟೀಲ್ ತಟ್ಟೆ ತೆಗೆದೆ.

ಬಣ್ಣದಡಿ · ಬುಧವಾರ, ಬೆಳಿಗ್ಗೆ 7:15

ತಟ್ಟೆ ತೆಗೆದದ್ದಕ್ಕೆ ಧನ್ಯವಾದಗಳು. ಸೋಡಾ ಬೇಡ. ಅದು ಆಮ್ಲವನ್ನು ಲವಣ ಮಾಡುತ್ತದೆ, ಆ ಲವಣ ಗುಳಿಗಳಲ್ಲಿ ಉಳಿದರೆ ಪ್ರೈಮರ್ ಅಡಿಗೆ ನೀರನ್ನು ಎಳೆದುಕೊಳ್ಳುತ್ತದೆ. ಆಗ ಬರುವ ಗುಳ್ಳೆ ಬೇರೆ ಜಾತಿಯದು. ಒಣಗಿದ ಆಮ್ಲ ಬರೀ ನೀರಿಗೂ ಸುಲಭವಾಗಿ ಬಿಡುವುದಿಲ್ಲ. ಅದೇ ದ್ರಾವಣವನ್ನು ಇನ್ನೊಮ್ಮೆ ಹಚ್ಚಿ ನೆನೆಸಿ, ಅದು ಹಸಿಯಾಗಿರುವಾಗಲೇ ಧಾರಾಳ ನೀರಿನಿಂದ ತೊಳೆಯಬೇಕು. ಹಸಿ ಆಮ್ಲ ಒಣಗಿದ್ದನ್ನು ಕರಗಿಸಿಕೊಂಡು ಹೋಗುತ್ತದೆ. ತಕ್ಷಣ ಬಟ್ಟೆಯಿಂದ ಒರೆಸಿ, ಬಿಸಿ ಗಾಳಿ ಕೊಟ್ಟು ಒಣಗಿಸಿ. ತೆಳುವಾಗಿ ಕಂದು ಛಾಯೆ ಮೂಡಬಹುದು, ಹೆದರಬೇಡಿ, 80ನೇ ನಂಬರಿನ ಉಪ್ಪುಕಾಗದಕ್ಕೆ ಹೋಗುತ್ತದೆ. ನಿಮ್ಮ ಪ್ರೈಮರ್ ತಯಾರಕರ ಸೂಚನಾ ಹಾಳೆಯನ್ನೂ ಓದಿ, ಆಮ್ಲದ ಬಗ್ಗೆ ಒಂದು ಸಾಲು ಇದ್ದೇ ಇರುತ್ತದೆ. ಕೈಗವಸು ಮರೆಯಬೇಡಿ, ಎಪಾಕ್ಸಿ ಹಾರ್ಡನರ್ ಒಮ್ಮೆ ಚರ್ಮಕ್ಕೆ ಒಗ್ಗದೆ ಹೋದರೆ ಜೀವನವಿಡೀ ಒಗ್ಗುವುದಿಲ್ಲ.

ಮಿಗ್‌ಕಿಡಿ · ಬುಧವಾರ, ಬೆಳಿಗ್ಗೆ 7:50

ಸೀಟಿನ ಅಡಿಯ ತೂತುಗಳ ವಿಷಯ ಯಾರೂ ಎತ್ತುತ್ತಿಲ್ಲ. ಬೀಟಲ್‌ನಲ್ಲಿ ಬ್ಯಾಟರಿ ಇರುವುದು ಅಲ್ಲೇ, ಹಿಂದಿನ ಸೀಟಿನ ಕೆಳಗೆ. ಐವತ್ತು ಅರವತ್ತು ವರ್ಷ ಬ್ಯಾಟರಿಯ ಆಮ್ಲ ತೊಟ್ಟಿಕ್ಕಿದ ಜಾಗ ಅದು. ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಳಗೆ ಹೋದರೆ ಅಲ್ಲಿ ತೊಳೆಯುವುದೂ ಬೇಡ, ಬಳಿಯುವುದೂ ಬೇಡ.

ಹಳೆಗಾಲಿ · ಗುರುವಾರ, ರಾತ್ರಿ 8:30

ಕಾಗದ ಕೆಂಪು ಬೆರೆತ ಕಿತ್ತಳೆಗೆ ತಿರುಗಿತು, ಬಣ್ಣದ ಪಟ್ಟಿಯಲ್ಲಿ 3ರ ಹತ್ತಿರ, ಅಂದರೆ ಆಮ್ಲವೇ. ಕಾರಿನ ಪಕ್ಕದಲ್ಲೇ ಕೂತುಬಿಟ್ಟೆ. ಮೂರು ಬಾರಿಯ ಕೆಲಸ.

ಸ್ಕ್ರೂಡ್ರೈವರ್ ಕೂಡ ಒಳಗೆ ಹೋಯಿತು. ಒತ್ತಬೇಕಾಗಲೇ ಇಲ್ಲ. ಬ್ಯಾಟರಿ ಕೂರುವ ಜಾಗದ ಸುತ್ತ ತಟ್ಟಿದರೆ ಠಣ್ ಎನ್ನುವುದಿಲ್ಲ, ಒದ್ದೆ ರಟ್ಟಿನ ಸದ್ದು. ಡಾಂಬರಿನ ಹಾಳೆಯನ್ನು ಕೆರೆದು ತೆಗೆದೆ, ಅದರ ಅಡಿಯಲ್ಲಿ ಪುಡಿ ಪುಡಿ.

ಮಿಗ್‌ಕಿಡಿ · ಗುರುವಾರ, ರಾತ್ರಿ 9:00

ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ. 1 ಮಿಲಿಮೀಟರ್ ತಗಡು, 0.6 ಮಿಲಿಮೀಟರ್ ಬೆಸುಗೆ ತಂತಿ ಸಾಕು. ಉದ್ದಕ್ಕೆ ಎಳೆಯಬೇಡಿ, ತಗಡು ಸೊಟ್ಟಗಾಗುತ್ತದೆ. ಇಲ್ಲೊಂದು ಟಾಕು (ಚುಕ್ಕೆಯಷ್ಟು ಬೆಸುಗೆ), ಎದುರು ಬದಿಯಲ್ಲೊಂದು, ಆರಲು ಬಿಟ್ಟು ಮತ್ತೊಂದು. ಸುತ್ತಲಿನ ಡಾಂಬರನ್ನು ಪೂರ್ತಿ ತೆಗೆಯಿರಿ, ಅದು ಹೊತ್ತಿಕೊಳ್ಳುತ್ತದೆ. ಬೀಟಲ್‌ನ ಪೆಟ್ರೋಲ್ ಟ್ಯಾಂಕ್ ಮುಂಭಾಗದಲ್ಲಿದೆ ಎಂದು ಧೈರ್ಯ ಮಾಡಬೇಡಿ, ಅದನ್ನೂ ಇಳಿಸಿ ದೂರ ಇಡಿ. ಬ್ಯಾಟರಿಗೆ ಮುಚ್ಚಳ ಹಾಕದೆ ಸೀಟು ಕೂರಿಸಲೇಬೇಡಿ. ಸೀಟಿನ ಸ್ಪ್ರಿಂಗ್ ಟರ್ಮಿನಲ್‌ಗೆ ತಾಗಿ ಬೆಂಕಿ ಹತ್ತಿದ ಬೀಟಲ್‌ಗಳಿವೆ.

ಗಾಳಿಯಂತ್ರ · ಶುಕ್ರವಾರ, ರಾತ್ರಿ 10:15

ತಾಮ್ರದ ಕೊಳವೆಯ ಚಿತ್ರ ಹಾಕಿದ್ದೇನೆ, ಮುಂದೆ ಯಾರಿಗಾದರೂ ಬೇಕಾದೀತು. ಹಳೆಗಾಲಿ ಅವರೇ, ಮೊದಲು ಒಂದು ತುಂಡು ತಗಡಿನ ಮೇಲೆ ಪರೀಕ್ಷೆ ಮಾಡಿ, ಒಂದು ಅರ್ಧ ತೊಳೆದು, ಇನ್ನೊಂದು ಅರ್ಧ ತೊಳೆಯದೆ. ನಾಲ್ಕನೇ ಬಾರಿ ಕೀಳುವುದು ಬೇಡ.

ಹಳೆಗಾಲಿ · ಐದು ವಾರಗಳ ನಂತರ

ಗಾಳಿಯಂತ್ರ ಅವರು ಹೇಳಿದಂತೆ ಪರೀಕ್ಷಾ ತುಂಡು ಮಾಡಿದೆ. ಹತ್ತು ದಿನದ ಮೇಲೆ ಬ್ಲೇಡಿನಿಂದ ಅಡ್ಡ ಉದ್ದ ಗೀರಿ ಟೇಪ್ ಅಂಟಿಸಿ ಎಳೆದೆ. ತೊಳೆಯದ ಅರ್ಧದ ಪ್ರೈಮರ್ ಪೂರ್ತಿಯಾಗಿ ಟೇಪಿನ ಜೊತೆ ಬಂತು. ತೊಳೆದ ಅರ್ಧದಲ್ಲಿ ಒಂದು ಚೌಕವೂ ಕದಲಲಿಲ್ಲ. ಆಮೇಲೆ ಇಡೀ ನೆಲಕ್ಕೆ ಅದೇ ರೀತಿ ಮಾಡಿದೆ. ಆಮ್ಲ ಉಳಿದಿಲ್ಲ ಎಂದು ಕಾಗದ ಹಸಿರಿಗೆ ಬರುವವರೆಗೂ ತೊಳೆದೆ, ಎರಡು ಕಡೆ ಮೂರು ಸಲ ತೊಳೆಯಬೇಕಾಯಿತು. ಬಳಿದು ಮೂರು ವಾರವಾಯಿತು, ಉಗುರು ಜಾರುತ್ತದೆ, ಹಿಡಿತ ಸಿಗುವುದಿಲ್ಲ.

ಬ್ಯಾಟರಿಯ ಜಾಗದಲ್ಲಿ ಎರಡು ಅಂಗೈ ಅಗಲ ಕತ್ತರಿಸಿ ಹೊಸ ತಗಡು ಕೂರಿಸಿದೆ. ನನ್ನ ಮೊದಲ ಬೆಸುಗೆ. ಎರಡು ಕಡೆ ತೂತು ಬಿತ್ತು, ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿದು ತುಂಬಿದೆ.

ಅದನ್ನು ಮಾಡುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಬಾಗಿಲ ಕೆಳಗಿನ ಹೀಟರ್ ಚಾನಲ್ (ಕಾರಿನೊಳಗೆ ಬಿಸಿ ಗಾಳಿ ಒಯ್ಯುವ ತಗಡಿನ ಕೊಳವೆ), ಹಿಂದಿನ ತುದಿಯಲ್ಲಿ ಬೆರಳು ಒತ್ತಿದರೆ ತಗ್ಗುತ್ತದೆ. ಪ್ಯಾನ್‌ನಿಂದ ಬಾಡಿ ಎತ್ತಿ ಬದಲಾಯಿಸಲೇ?

ಮಿಗ್‌ಕಿಡಿ · ಅದೇ ದಿನ, ರಾತ್ರಿ 11:02

ಎತ್ತಬೇಡಿ, ಈಗಲೇ ಬೇಡ! ಬಾಡಿಯನ್ನು ನೆಟ್ಟಗೆ ಹಿಡಿದಿರುವುದೇ ಆ ಚಾನಲ್. ಅದು ಮೆತ್ತಗಿರುವಾಗ ಎತ್ತಿದರೆ ಬಾಡಿ ನಡುವಿನಲ್ಲಿ ಬಾಗುತ್ತದೆ, ಆಮೇಲೆ ಬಾಗಿಲು ಕೂರುವುದಿಲ್ಲ. ಮೊದಲು ಬಾಗಿಲು ಮುಚ್ಚಿ ಸುತ್ತಲಿನ ಸಂದನ್ನು ಆರು ಕಡೆ ಅಳೆದು ಬರೆದಿಟ್ಟುಕೊಳ್ಳಿ. ನಂತರ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಕೊಳವೆ ಬೆಸೆದು ಬಿಗಿ ಮಾಡಿ. ಎರಡೂ ಬದಿಯ ಚಿತ್ರ ಹಾಕಿ, ಕೆಳಗಿನಿಂದಲೂ ತೆಗೆದು.

ಹಳೆಗಾಲಿ · ಅದೇ ದಿನ, ರಾತ್ರಿ 11:20

ಬೆಳಿಗ್ಗೆ ಬೆಳಕು ಬಂದ ಕೂಡಲೇ ತೆಗೆಯುತ್ತೇನೆ. ಈ ಸಲ ಚಿತ್ರ ಸೇರಿದೆಯೇ ಎಂದು ನೋಡಿಯೇ ಕಳಿಸುತ್ತೇನೆ. ಎಡಬದಿಯ ಸಂದನ್ನು ಈಗಷ್ಟೇ ಅಳೆದೆ: ಮೇಲೆ 4 ಮಿಲಿಮೀಟರ್, ಕೆಳಗೆ 7.