ಜಾಯ್‌ಸ್ಟಿಕ್ ಎಡಕ್ಕೆ ಎಳೆಯುತ್ತಿದೆ: ಬಿಚ್ಚಲಾ, ಹೊಸದು ತಗೊಳ್ಳಲಾ?

ಕೇಳಿದವರು, ಮೈಸೂರು:
ನಮಸ್ಕಾರ. ನನ್ನ ಹತ್ತಿರ ನಾಲ್ಕು ವರ್ಷ ಹಳೆಯ ಜಾಯ್‌ಸ್ಟಿಕ್ ಇದೆ. ಹಿಡಿಯನ್ನೇ ತಿರುಚಿದರೆ ರಡರ್ (ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವ, ವಿಮಾನದ ಬಾಲದಲ್ಲಿನ ಚುಕ್ಕಾಣಿ) ಆಡುವ ಥರದ್ದು. ಎರಡು ವಾರದಿಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಅನ್ನುವ ವಿಮಾನ ಹಾರಿಸುವ ಆಟದಲ್ಲಿ ಸೆಸ್ನಾ 172 ಅನ್ನುವ ಪುಟ್ಟ ವಿಮಾನ ರನ್‌ವೇ ಮೇಲೆ ಓಡುವಾಗಲೇ ಎಡಕ್ಕೆ ಹೊರಳಿ ಹುಲ್ಲಿಗೆ ಇಳಿಯುತ್ತಿದೆ. ಕ್ಯಾಲಿಬ್ರೇಷನ್ (ಜಾಯ್‌ಸ್ಟಿಕ್‌ನ ನಡುವು, ತುದಿ ಎಲ್ಲಿ ಅಂತ ಕಂಪ್ಯೂಟರ್‌ಗೆ ತಿಳಿಸುವುದು) ಎರಡು ಸಲ ಮಾಡಿದೆ, ಪ್ರಯೋಜನ ಇಲ್ಲ. ವಾರಂಟಿ ಮುಗಿದಿದೆ. ಸರ್ವಿಸ್‌ನವರನ್ನು ಕೇಳಿದರೆ "ಇದಕ್ಕೆಲ್ಲ ರಿಪೇರಿ ಇಲ್ಲ, ಹೊಸದು ತಗೊಳ್ಳಿ" ಅಂದರು. ನಿಮಗೆ ಯಾರಿಗಾದರೂ ಹೀಗಾಗಿತ್ತಾ? ಏನು ಮಾಡಿದಿರಿ?

ಶಿವಮೊಗ್ಗದಿಂದ:
ಸೆಸ್ನಾ ಒಂದರಲ್ಲೇ ಹೀಗಾ, ಬೇರೆ ವಿಮಾನದಲ್ಲೂ ಹೀಗಾ? ಮೊದಲು ಅದನ್ನು ಹೇಳಿ. ಒಂದೇ ಎಂಜಿನ್‌ನ ಪ್ರೊಪೆಲರ್ ವಿಮಾನ ಫುಲ್ ಪವರ್ ಕೊಟ್ಟಾಗ ಎಡಕ್ಕೆ ಎಳೆಯುವುದು ಅದರ ಹುಟ್ಟುಗುಣ. ಪೈಲಟ್ ಸೀಟಿನಿಂದ ನೋಡಿದರೆ ಪ್ರೊಪೆಲರ್ ಬಲಕ್ಕೆ ಸುತ್ತುತ್ತದೆ. ಅದರ ಗಾಳಿ ಸುರುಳಿಯಾಗಿ ಹಿಂದಕ್ಕೆ ಹೋಗಿ ಬಾಲದ ಎಡಬದಿಗೆ ಬಡಿಯುತ್ತದೆ, ಮೂತಿ ಎಡಕ್ಕೆ ತಿರುಗುತ್ತದೆ. ನಿಜವಾದ ಪೈಲಟ್‌ಗಳೂ ಬಲಗಾಲಲ್ಲಿ ರಡರ್ ಒತ್ತಿಕೊಂಡೇ ಟೇಕಾಫ್ ಮಾಡುವುದು. ಇದು ಗೊತ್ತಿಲ್ಲದೆ ಶುರುವಿನಲ್ಲಿ ನಾನು ಚೆನ್ನಾಗಿದ್ದ ಜಾಯ್‌ಸ್ಟಿಕ್ ಒಂದನ್ನು ಬಿಚ್ಚಿ ಹಾಳು ಮಾಡಿಕೊಂಡಿದ್ದೇನೆ. ಎರಡು ಎಂಜಿನ್‌ನ ಜೆಟ್, ಎ320 ಹಾಕಿ, ಗಾಳಿಯನ್ನು ಸೊನ್ನೆಗೆ ಇಟ್ಟು ನೋಡಿ.

ಕೇಳಿದವರು:
ನೋಡಿದೆ ಸರ್. ಎ320 ಕೂಡ ಎಳೆಯುತ್ತದೆ, ಆದರೆ ಒಂದೇ ಸಮ ಅಲ್ಲ. ಕೈ ಬಿಟ್ಟಿದ್ದರೂ ರಡರ್ ಗುರುತು ನಡುಗುತ್ತಾ ಇರುತ್ತದೆ.

ಬೆಂಗಳೂರಿನಿಂದ:
ಹಾಗಾದರೆ ನಿಮ್ಮ ಜಾಯ್‌ಸ್ಟಿಕ್‌ದೇ ತೊಂದರೆ. ನನಗೂ ಹೀಗೇ ಆಗಿತ್ತು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಸಿಮ್ಯುಲೇಟರ್ ಮುಚ್ಚಿ. ವಿಂಡೋಸ್‌ನಲ್ಲಿ "ಸೆಟ್ ಅಪ್ ಯುಎಸ್‌ಬಿ ಗೇಮ್ ಕಂಟ್ರೋಲರ್ಸ್" ಅಂತ ಹುಡುಕಿದರೆ ಒಂದು ಪುಟ್ಟ ಕಿಟಕಿ ತೆರೆಯುತ್ತದೆ. ಅಲ್ಲಿ ಹಳೆಯ ಕ್ಯಾಲಿಬ್ರೇಷನ್ ಅನ್ನು ಡಿಫಾಲ್ಟ್‌ಗೆ ತಂದು, ಹಿಡಿಯನ್ನು ತುಂಬಾ ನಿಧಾನವಾಗಿ ತಿರುಚಿ. ಕಿಟಕಿಯಲ್ಲಿ ಕಾಣುವ ಪಟ್ಟಿ ಸರಾಗವಾಗಿ ಏರಿ ಇಳಿಯಬೇಕು. ನಡುವೆ ಬಂದಾಗ ಕುಪ್ಪಳಿಸಿದರೆ ಪಾಟ್ ಸವೆದಿದೆ ಅಂತ ಲೆಕ್ಕ. ಯುಎಸ್‌ಬಿ ಹಬ್‌ಗೆ ಹಾಕಿದ್ದರೆ ತೆಗೆದು ನೇರ ಕಂಪ್ಯೂಟರ್‌ಗೆ ಚುಚ್ಚಿ ಇನ್ನೊಂದು ಸಲ ನೋಡಿ.

ಪಾಟ್ ಅಂದರೆ ಪೊಟೆನ್ಶಿಯೋಮೀಟರ್. ಹಳೆಯ ರೇಡಿಯೋದ ವಾಲ್ಯೂಮ್ ತಿರುಗಣೆಯ ಒಳಗೆ ಇರುತ್ತಲ್ಲ, ಅದೇ. ಕಾರ್ಬನ್ ಪಟ್ಟಿಯ ಮೇಲೆ ಒಂದು ಲೋಹದ ನಾಲಿಗೆ ಉಜ್ಜಿಕೊಂಡು ಓಡಾಡುತ್ತದೆ. ಸವೆಯುವುದು ನಡುಭಾಗವೇ, ಯಾಕೆಂದರೆ ನಾಲಿಗೆ ಜಾಸ್ತಿ ಹೊತ್ತು ಆಡುವುದು ಅಲ್ಲೇ. ಬಸ್‌ಸ್ಟ್ಯಾಂಡ್ ಎದುರಿನ ಡಾಂಬರು ಮೊದಲು ಕಿತ್ತು ಬರುತ್ತಲ್ಲ, ಹಾಗೆ.

ಬಿಚ್ಚುವಾಗ ಹೆಜ್ಜೆ ಹೆಜ್ಜೆಗೂ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಸ್ಕ್ರೂ ಕಾಣದಿದ್ದರೆ ಅಡಿಯ ರಬ್ಬರ್ ಪಾದಗಳ ಕೆಳಗೆ ಹುಡುಕಿ. ಸ್ಪ್ರಿಂಗ್ ಹಾರುತ್ತದೆ, ನಂದು ಹಾರಿ ಮಂಚದ ಕೆಳಗೆ ಸೇರಿ ಅರ್ಧ ದಿನ ಸಿಗಲಿಲ್ಲ. ಕೆಳಗೆ ಒಂದು ಬೆಡ್‌ಶೀಟ್ ಹಾಸಿಕೊಂಡು ಕೂತರೆ ಒಳ್ಳೆಯದು.

ಪಾಟ್‌ನ ಸಂದಿಯೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಹೊಡೆದು, ಈ ತುದಿಯಿಂದ ಆ ತುದಿಗೆ ಮೂವತ್ತು ನಲವತ್ತು ಸಲ ತಿರುಗಿಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಕಿರುಗುಟ್ಟುವ ಬಾಗಿಲಿಗೆ ಹೊಡೆಯುವ ಮಾಮೂಲಿ ಡಬ್ಲ್ಯೂಡಿ-40 ಬೇಡ, ಅದು ಎಣ್ಣೆ ಪಸೆ ಉಳಿಸುತ್ತದೆ, ಧೂಳು ಇನ್ನೂ ಚೆನ್ನಾಗಿ ಅಂಟುತ್ತದೆ.

ನನಗೆ ಈ ಉಪಾಯ ಏಳು ತಿಂಗಳು ನಡೆಯಿತು. ಆಮೇಲೆ ಮತ್ತೆ ಅದೇ ನಡುಕ. ಆಗ ಪಾಟ್ ಅನ್ನೇ ಬದಲಿಸಿದೆ. ಎರಡು ತುದಿಯ ಕಾಲುಗಳಿಗೆ ಮಲ್ಟಿಮೀಟರ್ ಹಿಡಿದೆ, ಹತ್ತು ಕಿಲೋಓಮ್ ಹತ್ತಿರ ಬಂತು. ಎಲೆಕ್ಟ್ರಾನಿಕ್ ಬಿಡಿಭಾಗದ ಅಂಗಡಿಗಳಿರುವ ನಮ್ಮ ಎಸ್.ಪಿ. ರೋಡಿಗೆ ಹೋಗಿ ಕೇಳಿದರೆ ಕಾಫಿ ತಿಂಡಿಯ ದುಡ್ಡಿಗೆ ಎರಡು ಕೊಟ್ಟರು. ಮನೆಗೆ ತಂದು ಬೆಸುಗೆ ಹಾಕಿದೆ. ರಡರ್ ಒಂದು ಕಡೆ ಮುಟ್ಟಿದರೆ ಸಾಕು ಹಾರುತ್ತದೆ, ಇನ್ನೊಂದು ಕಡೆ ಎಷ್ಟು ತಿರುಚಿದರೂ ಜಪ್ಪಯ್ಯ ಅನ್ನಲ್ಲ! ತಿರುಗಿಸಿ ನೋಡಿದರೆ ಮೈಮೇಲೆ "ಎ10ಕೆ" ಅಂತ ಇತ್ತು. ಎ ಅಂದರೆ ವಾಲ್ಯೂಮ್‌ಗೆ ಹಾಕುವ ಲಾಗ್ ಥರದ್ದು, ಒಂದು ತುದಿಯಲ್ಲಿ ನಿಧಾನ, ಇನ್ನೊಂದು ತುದಿಯಲ್ಲಿ ಜೋರಾಗಿ ಏರುವಂಥದ್ದು. ನಮಗೆ ಬೇಕಾದದ್ದು ಬಿ, ಅಂದರೆ ಒಂದೇ ಸಮ ಏರುವಂಥದ್ದು. ಮಾರನೇ ದಿನ ಮತ್ತೆ ಅದೇ ಅಂಗಡಿ. ಹಳೆಯ ಪಾಟ್ ಅನ್ನೇ ಕೈಯಲ್ಲಿ ಹಿಡಿದು ಹೋಗಿ, ಅಚ್ಚಿನ ಉದ್ದ, ತುದಿಯ ಆಕಾರ ಎಲ್ಲ ಹೊಂದಬೇಕು.

ಕುಂದಾಪುರದಿಂದ:
ಮಾರಾಯ್ರೆ, ಪಾಟ್ ಕಿತ್ತು ಹಾಕುವ ಮೊದಲು ವೈರ್ ನೋಡಿ. ತಿರುಚುವ ಹಿಡಿಯಲ್ಲಿ ವೈರ್‌ಗಳೆಲ್ಲ ಅದೇ ಕೊಳವೆಯೊಳಗೆ ಹಾದು ಮೇಲೆ ಹೋಗುತ್ತವೆ. ನಾವು ತಿರುಚಿದಾಗೆಲ್ಲ ಅವೂ ತಿರುಚಿಕೊಳ್ಳುತ್ತವೆ. ಮೇಲೆ ಪ್ಲಾಸ್ಟಿಕ್ ಸರಿ ಇರುತ್ತದೆ, ಒಳಗೆ ತಾಮ್ರ ತುಂಡಾಗಿರುತ್ತದೆ. ಗುರುತು ನಡುಗದೆ ಒಮ್ಮೆಲೇ ತುದಿಗೆ ಹೋಗಿ ಬಡಿದು ವಾಪಸ್ ಬಂದರೆ ಜಾಸ್ತಿ ಅನುಮಾನ ವೈರ್ ಮೇಲೆ ಪಡಿ.

ಇನ್ನೊಂದು, ನಮ್ಮ ಕರಾವಳಿಯವರಿಗೆ. ಹಿಡಿಯ ಮೇಲಿನ ಮೆತ್ತನೆಯ ರಬ್ಬರ್ ಲೇಪ ಮಳೆಗಾಲದ ತೇವಕ್ಕೆ ಹಲಸಿನ ಮೇಣದ ಹಾಗೆ ಅಂಟುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಉಜ್ಜಿದರೆ ಪೂರ್ತಿ ಹೋಗುತ್ತದೆ. ಕೆಳಗೆ ಬರೀ ಪ್ಲಾಸ್ಟಿಕ್ ಕಾಣುತ್ತದೆ, ಕಾಣಲಿ ಬಿಡಿ. ಆಡದಾಗ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ.

ಹುಬ್ಬಳ್ಳಿಯಿಂದ:
ಬೆಸುಗೆ ಎಲ್ಲ ನನಗೆ ಆಗುವ ಕೆಲಸ ಅಲ್ಲ, ನಾನು ಹೊಸದೇ ತಗೊಂಡೆ. ತಗೊಳ್ಳುವುದಾದರೆ ಹಾಲ್ ಸೆನ್ಸರ್ ಇರುವುದನ್ನೇ ನೋಡಿ. ಅದರಲ್ಲಿ ಉಜ್ಜುವ ಭಾಗವೇ ಇಲ್ಲ, ಅಯಸ್ಕಾಂತ ಎಷ್ಟು ಓರೆಯಾಯಿತು ಅಂತ ಅಳೆಯುತ್ತದೆ, ಅಷ್ಟೇ. ಥ್ರಸ್ಟ್‌ಮಾಸ್ಟರ್ ಟಿ.16000ಎಂ ಈ ಥರದ್ದು. ಆದರೆ ಒಂದು ಎಚ್ಚರ: ಡಬ್ಬದ ಮೇಲೆ ಹಾಲ್ ಅಂತ ಇದ್ದರೂ ಅದು ಮುಖ್ಯ ಎರಡು ಅಕ್ಷಗಳಿಗೆ ಮಾತ್ರ ಇರಬಹುದು. ತಿರುಚುವುದಕ್ಕೆ, ಥ್ರಾಟಲ್‌ಗೆ (ಎಂಜಿನ್ ಪವರ್ ಏರಿಸಿ ಇಳಿಸುವ ಹಿಡಿ) ಮತ್ತೆ ಪಾಟ್ ಇಟ್ಟಿರುತ್ತಾರೆ. ಕೇಳಿಯೇ ತಗೊಳ್ಳಿ.

ಟಿ.16000ಎಂ ಅನ್ನು ಎಡಗೈಗೂ ಹೊಂದಿಸಿಕೊಳ್ಳಬಹುದು. ಏರ್‌ಬಸ್‌ನಲ್ಲಿ ಕ್ಯಾಪ್ಟನ್ ಕೂರುವುದು ಎಡಗಡೆ, ಸೈಡ್‌ಸ್ಟಿಕ್ ಹಿಡಿಯುವುದು ಎಡಗೈಯಲ್ಲೇ ಅಲ್ವಾ. ನಾನು ಹಾಗೇ ಅಭ್ಯಾಸ ಮಾಡಿಕೊಂಡೆ. ಎಡಗೈಯಲ್ಲಿ ಮಂಗಳೂರಿನ ಟೇಬಲ್‌ಟಾಪ್ ರನ್‌ವೇಗೆ ಇಳಿಸುವಾಗ ಮೊದಲ ವಾರ ಎಷ್ಟು ಸಲ ಕಣಿವೆ ಸೇರಿದೆನೋ ಲೆಕ್ಕ ಇಲ್ಲ.

ರಿಪೇರಿ ಆಗುವವರೆಗೆ ಆಡಲೇಬೇಕು ಅಂದರೆ ಸೆನ್ಸಿಟಿವಿಟಿ ಪುಟದಲ್ಲಿ ರಡರ್‌ಗೆ ಡೆಡ್‌ಜೋನ್ (ನಡುವಿನ ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ತಗೊಳ್ಳದ ಜಾಗ) ಸ್ವಲ್ಪ ಜಾಸ್ತಿ ಮಾಡಿ, ರಿಯಾಕ್ಟಿವಿಟಿ (ಎಷ್ಟು ಬೇಗ ಪ್ರತಿಕ್ರಿಯಿಸಬೇಕು ಅನ್ನುವುದು) ಕಡಿಮೆ ಮಾಡಿ. ನಡುಕ ಮುಚ್ಚಿಹೋಗುತ್ತದೆ. ಆದರೆ ಅಡ್ಡಗಾಳಿಯಲ್ಲಿ ಇಳಿಸುವಾಗ ರಡರ್ ಮಂದ ಅನ್ನಿಸುತ್ತದೆ.

ಕೇಳಿದವರು:
ಭಾನುವಾರ ಬಿಚ್ಚಿದೆ. ಕುಂದಾಪುರದವರು ಹೇಳಿದ್ದು ಅರ್ಧ ಸರಿ, ಬೆಂಗಳೂರಿನವರದ್ದು ಅರ್ಧ. ಪಾಟ್‌ಗೆ ಹೋಗುವ ಮೂರು ವೈರ್‌ನಲ್ಲಿ ನಡುವಿನದು ಬೆಸುಗೆಯ ಬುಡದಲ್ಲೇ ಎರಡೇ ಎರಡು ಎಳೆಯಲ್ಲಿ ನೇತಾಡುತ್ತಿತ್ತು. ಪಾಟ್ ಸುತ್ತ ಬೂದುಬಣ್ಣದ ಧೂಳಿನ ಉಂಡೆ, ಜೊತೆಗೆ ನಮ್ಮ ಬೆಕ್ಕಿನ ಕೂದಲು. ಪಕ್ಕದ ಬೀದಿಯ ಮೊಬೈಲ್ ರಿಪೇರಿ ಹುಡುಗ ಎರಡು ನಿಮಿಷದಲ್ಲಿ ಬೆಸುಗೆ ಹಾಕಿದ, ದುಡ್ಡು ತಗೊಳ್ಳಲಿಲ್ಲ. ಮತ್ತೆ ತುಂಡಾಗದಿರಲಿ ಅಂತ ವೈರ್‌ಗೆ ಸ್ವಲ್ಪ ಸಡಿಲ ಬಿಟ್ಟು ಸುರುಳಿ ಮಾಡಿಟ್ಟಿದ್ದೇನೆ. ಪಾಟ್‌ಗೆ ಕ್ಲೀನರ್ ಹೊಡೆದೆ. ಈಗ ಗುರುತು ನಡುಗುವುದಿಲ್ಲ, ಎ320 ನೆಟ್ಟಗೆ ಓಡುತ್ತದೆ.

ಸೆಸ್ನಾ ಮಾತ್ರ ಇನ್ನೂ ಎಡಕ್ಕೇ ಎಳೆಯುತ್ತದೆ. ಶಿವಮೊಗ್ಗದವರು ಹೇಳಿದ ಹಾಗೆ ಬಲಕ್ಕೆ ತಿರುಚಿಕೊಂಡು ಓಡಿಸುವುದನ್ನು ಕಲಿಯುತ್ತಿದ್ದೇನೆ.