ಪದಚರ್ಚೆ: ‘ತಳಿ ಸಂವರ್ಧನೆ’ಯಲ್ಲಿ ಸಂವರ್ಧನೆ ಯಾವುದರದು?

ಮಾನ್ಯರೇ,

ಪುಣೆಯ ನಮ್ಮ ಕನ್ನಡ ಬಳಗದ ವಾರ್ಷಿಕ ಸಂಚಿಕೆಗಾಗಿ ಮರಾಠಿ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಾಲು, ಮಾಂಸ, ಮೊಟ್ಟೆಗಳ ಉತ್ಪಾದನೆಯಿಂದ ನೆಲ, ನೀರು, ಗಾಳಿಗಳ ಮೇಲೆ ಬೀಳುವ ಹೊರೆಯನ್ನು ಜಾನುವಾರುಗಳ ತಳಿಯ ಕಡೆಯಿಂದಲೇ ಹೇಗೆ ತಗ್ಗಿಸಬಹುದು ಎಂಬುದು ಅದರ ವಿಷಯ. ನಾನು ಶೀರ್ಷಿಕೆಯಲ್ಲಿಯೇ ಸಿಕ್ಕಿಕೊಂಡಿದ್ದೇನೆ. ಮರಾಠಿಯವರು ‘ಪೈದಾಸ’ ಎಂದು ಮುಗಿಸುವುದಕ್ಕೆ ನಾವು ‘ತಳಿ ಸಂವರ್ಧನೆ’ ಎನ್ನುವುದು ರೂಢಿ; ಕರ್ನಾಟಕದ ಸರಕಾರಿ ಫಲಕಗಳಲ್ಲಿಯೂ ‘ಕುರಿ ಸಂವರ್ಧನಾ ಕೇಂದ್ರ’ ಎಂದೇ ಇರುತ್ತದೆ. ಆದರೆ ಸಂವರ್ಧನೆ ಎಂದರೆ ಬೆಳೆಸುವುದು, ಹೆಚ್ಚಿಸುವುದು. ಲೇಖನದ ವಾದವೋ ಇದಕ್ಕೆ ತೀರ ಎದುರು: ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತ ಹೋದರೆ ಕಡಿಮೆ ಪ್ರಾಣಿಗಳಿಂದಲೇ ಅಷ್ಟು ಪ್ರೋಟೀನು ದೊರೆಯುತ್ತದೆ ಎಂಬುದು ಅದರ ತಿರುಳು.

ಕಾರಣ ಸರಳವಾದದ್ದು. ದಿನಕ್ಕೆ 3 ಲೀಟರ್ ಕರೆಯುವ ಹಸುವೇ ಆಗಲಿ, 12 ಲೀಟರ್ ಕರೆಯುವುದೇ ಆಗಲಿ, ತಿಂದ ಮೇವಿನಲ್ಲಿ ಒಂದು ಪಾಲನ್ನು ತನ್ನ ಮೈಯನ್ನು ಉಳಿಸಿಕೊಳ್ಳುವುದಕ್ಕೇ ಖರ್ಚು ಮಾಡುತ್ತದೆ. ಆ ಪಾಲು ಹೆಚ್ಚು ಲೀಟರುಗಳ ಮೇಲೆ ಹಂಚಿಹೋದಷ್ಟೂ ಒಂದೊಂದು ಲೀಟರಿನ ಹಿಂದಿರುವ ಮೇವು, ನೀರು ಮತ್ತು ಮೆಲುಕಿನ ಜೊತೆಗೆ ಹೊರಬೀಳುವ ಮೀಥೇನ್ ಇಳಿಯುತ್ತವೆ. 100 ವರ್ಷಗಳ ಲೆಕ್ಕದಲ್ಲಿ, ತೂಕಕ್ಕೆ ತೂಕ ನೋಡಿದರೆ, ಭೂಮಿಯನ್ನು ಬಿಸಿಯಾಗಿಸುವ ಮೀಥೇನಿನ ಶಕ್ತಿ ಇಂಗಾಲದ ಡೈಆಕ್ಸೈಡಿನದರ ಸುಮಾರು 28 ಪಟ್ಟು ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ.

ಲೇಖನದ ಮುಖ್ಯ ಉದಾಹರಣೆ ಪುಣೆಗೆ ದೂರದ್ದೇನಲ್ಲ. ಸಾತಾರಾ ಜಿಲ್ಲೆಯ ಫಲಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು, ಸಾಮಾನ್ಯವಾಗಿ ಒಂದೇ ಮರಿ ಈಯುವ ದಖನಿ ಕುರಿಗೆ ಸುಂದರಬನದ ಪುಟ್ಟ ಗರೋಲ್ ಕುರಿಯ ಅವಳಿ ಈಯುವ ಗುಣವನ್ನು ತಂದು, ದಖನಿಯ ಮೈಕಟ್ಟು ಕೆಡದಂತೆ ತಲೆಮಾರುಗಟ್ಟಲೆ ಆರಿಸಿ, ‘ನಾರಿ ಸುವರ್ಣ’ ಎಂಬ ಕುರಿಯನ್ನು ರೂಪಿಸಿದ್ದಾರೆ. (ಈ ‘ನಾರಿ’ ಸ್ತ್ರೀಯಲ್ಲ, ಸಂಸ್ಥೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು, ನಾನೂ ಬಹುಕಾಲ ಅದನ್ನು ಹೆಣ್ಣುಕುರಿಯೆಂದೇ ತಿಳಿದಿದ್ದೆ.) ಅವಳಿಯ ಗುಣಕ್ಕೆ ಕಾರಣವಾದ ಫೆಕ್-ಬಿ ಎಂಬ ಜೀನಿನ ಒಂದು ಪ್ರತಿ ಇದ್ದರೂ ಅವಳಿಯ ಸಂಭವ ಬಹಳ ಹೆಚ್ಚುತ್ತದೆ, ಯಾವ ಟಗರಿನಲ್ಲಿ ಅದು ಇದೆಯೆಂಬುದನ್ನು ರಕ್ತದ ಪರೀಕ್ಷೆಯಿಂದ ತಿಳಿಯಬಹುದು. ತಾಯಿಯ ಒಂದೇ ಹೊಟ್ಟೆಯ ಮೇವಿಗೆ ಎರಡು ಮರಿಗಳು ದಕ್ಕುತ್ತವೆ, ಆದರೆ ತಾಯಿಗೆ ಹಾಲಿರಬೇಕು, ಹಾಲಿಗೆ ಮೇವಿರಬೇಕು. ಹಾಗಿಲ್ಲದ ಕಡೆ ಅವಳಿ ಲಾಭವಲ್ಲ.

ಇಲ್ಲಿ ನಡೆದ ಕೆಲಸಕ್ಕೆ ‘ಸಂವರ್ಧನೆ’ ಹೊಂದುವುದಿಲ್ಲ ಎಂದೇ ನನ್ನ ಅಭಿಪ್ರಾಯ. ‘ತಳಿ ಆಯ್ಕೆ’ ಎಂದರೆ ದಖನಿ ಸಾಕಲೋ ಬನ್ನೂರು ಸಾಕಲೋ ಎಂದು ಆರಿಸಿದಂತೆ ಕೇಳುತ್ತದೆ. ಇಲ್ಲಿ ಆಯ್ಕೆ ನಡೆಯುವುದು ಹಿಂಡಿನ ಒಳಗೆ. ‘ತಳಿ ಸುಧಾರಣೆ’ ಬಳಕೆಯಲ್ಲಿದೆ, ಆದರೆ ಊರಿನ ದನ ಕೆಟ್ಟದ್ದೆಂಬ ತೀರ್ಪು ಅದರೊಳಗೇ ಅಡಗಿದೆ. ಸಾಲದ್ದಕ್ಕೆ ಹೈನುಗಾರರ ಕಿವಿಗೆ ಅದು ಜರ್ಸಿಯ ಅಥವಾ ಎಚ್‌ಎಫ್‌ನ (ಹೋಲ್‌ಸ್ಟೈನ್ ಫ್ರೀಸಿಯನ್) ಮಿಶ್ರತಳಿ ಎಂದೇ ಕೇಳುತ್ತದೆ.

ನನ್ನ ತಾಯಿಯ ತವರಾದ ಜತ್ತ ಸೀಮೆಯ ಕುರಿಗಾರರು ‘ಬೀಜದ ಟಗರು ಬಿಡುವುದು’ ಎನ್ನುತ್ತಾರೆ. ಹುಟ್ಟಿದ ಗಂಡುಮರಿಗಳಲ್ಲಿ ಯಾವುದನ್ನು ಮಾರಬೇಕು, ಯಾವುದರ ಬೀಜ ಒಡೆಯಬೇಕು, ಯಾವುದನ್ನು ಹಿಂಡಿಗೆ ಬಿಡಬೇಕು ಎಂಬ ತೀರ್ಮಾನವೆಲ್ಲ ಆ ‘ಬಿಡುವುದು’ ಎಂಬ ಕ್ರಿಯಾಪದದಲ್ಲಿದೆ. ವಿಜ್ಞಾನಿಗಳು ಲೆಕ್ಕ ಹಾಕಿ ಮಾಡುವುದೂ ಇದನ್ನೇ. ಇದರ ಜಾಡಿನಲ್ಲಿ ‘ಬೀಜದಾಯ್ಕೆ’ ಎಂದು ಕಟ್ಟಿಕೊಂಡಿದ್ದೇನೆ. ಬಳಗದ ಹಿರಿಯರೊಬ್ಬರು ಓದಿ, ಬಿತ್ತನೆಯ ಜೋಳದ ಲೇಖನವೇ ಎಂದು ಕೇಳಿದರು. ಇನ್ನೊಬ್ಬರು ಪ್ರಾಣಿಯ ವಿಷಯದಲ್ಲಿ ಆ ಪದ ಅಚ್ಚಿನಲ್ಲಿ ಬರುವುದು ಸಭ್ಯವಲ್ಲವೆಂದರು. ಎರಡನೆಯ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ, ಮೊದಲನೆಯದನ್ನು ತಳ್ಳಿಹಾಕಲಾರೆ.

ಜೊತೆಗೆ ಒಂದು ಸಣ್ಣ ತೊಡಕು. ಮರಾಠಿಯಲ್ಲಿ ನಮ್ಮ ‘ಸುಸ್ಥಿರ’ಕ್ಕೆ ‘ಶಾಶ್ವತ’ ಎನ್ನುತ್ತಾರೆ. ಅದನ್ನು ಹಾಗೆಯೇ ಎತ್ತಿಕೊಂಡು ‘ಶಾಶ್ವತ ಪಶುಪಾಲನೆ’ ಎಂದರೆ ಕನ್ನಡದಲ್ಲಿ ಎಂದೂ ಮುಗಿಯದ ಪಶುಪಾಲನೆ ಎಂದಾಗುತ್ತದೆ. ಇದು ಮಾತ್ರ ನನಗೆ ಸ್ಪಷ್ಟ. ಪ್ರೋಟೀನಿಗೆ ಹಳೆಯ ಪಠ್ಯಪುಸ್ತಕಗಳ ‘ಸಸಾರಜನಕ’ವನ್ನು ಬಳಸುವ ಆಸೆಯಿತ್ತು. ಮೇವಿನ ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ ಪ್ರೋಟೀನಿನ ಪ್ರಮಾಣ ಹೇಳುವ ಪ್ರಯೋಗಾಲಯದ ಪದ್ಧತಿಗೆ ಅದು ಎಷ್ಟು ಒಪ್ಪುವ ಪದ! ಆದರೆ ಇಂದಿನ ಓದುಗರು ತಡವರಿಸುತ್ತಾರೆಂದು ಬಿಟ್ಟೆ.

ನನ್ನ ಪ್ರಶ್ನೆಗಳು ಇಷ್ಟೇ. ಹಿಂಡಿನೊಳಗೆ ಮುಂದಿನ ಪೀಳಿಗೆಯ ತಂದೆತಾಯಿಗಳನ್ನು ಆರಿಸುವ ಕ್ರಮಕ್ಕೆ ಹಳೆಯ ಮೈಸೂರು, ಬಳ್ಳಾರಿ, ಕರಾವಳಿಯ ಕಡೆಗಳಲ್ಲಿ ಬೇರೆ ಮಾತು ಇದೆಯೇ? ಇಲ್ಲವಾದರೆ, ‘ಬೀಜದಾಯ್ಕೆ’ಯ ಹಿಂದೆ ಪ್ರತಿಸಲವೂ ‘ಜಾನುವಾರು’ ಎಂದು ಸೇರಿಸದೆ ಅರ್ಥ ನಿಲ್ಲುವಂತೆ ಮಾಡಲು ದಾರಿಯಿದೆಯೇ?